ಠಣ್ ಮೇಸ್ತ್ರಿ ಮತ್ತು ಕಿಟಕಿಯ ನಡುಗಂಬ

ಕಲ್ಲು ಬಡಿಯುವ ಮೊದಲು ಠಣ್ ಮೇಸ್ತ್ರಿ ಅದರ ಕೆಳಗೆ ಎರಡು ಮರದ ತುಂಡು ಇಡಿಸುತ್ತಿದ್ದರು. ನೆಲಕ್ಕೆ ಮೈ ತಾಗಿಸಿ ಮಲಗಿದ ಕಲ್ಲು ಬಾಯಿ ಬಿಡುವುದಿಲ್ಲ ಎನ್ನುವುದು ಅವರ ಲೆಕ್ಕ. ಎರಡು ತುದಿಗೆ ಆಸರೆ ಸಿಕ್ಕಿ ನಡುಭಾಗ ಗಾಳಿಯಲ್ಲಿ ನಿಂತ ಮೇಲೆ ಸಣ್ಣ ಸುತ್ತಿಗೆಯಿಂದ ಒಂದೇ ಪೆಟ್ಟು. ಒಳಗೆ ಬಿರುಕಿಲ್ಲದ ಕಲ್ಲು ಕಂಚಿನ ಹಾಗೆ ದನಿ ಕೊಡುತ್ತದೆ. ಬಿರುಕಿದ್ದರೆ ಕುಂಬಳಕಾಯಿ ತಟ್ಟಿದ ಹಾಗೆ ಡಬ್ ಎಂದು ಸುಮ್ಮನಾಗುತ್ತದೆ. ದನಿ ಸರಿಯಿದ್ದರೆ ಮೇಸ್ತ್ರಿ ತಾವೂ ಮೆಲ್ಲಗೆ "ಠಣ್" ಎಂದು, ಜೇಬಿನಿಂದ ಸೀಮೆಸುಣ್ಣ ತೆಗೆದು ಕಲ್ಲಿಗೊಂದು ಗುರುತು ಹಾಕುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಉಳಿದವರ ಬಾಯಲ್ಲಿ ಅವರು ಠಣ್ ಮೇಸ್ತ್ರಿ.

ಆ ವರ್ಷ ಅವರು ಹಿಡಿದದ್ದು ಹಲ್ಲಿನ ಡಾಕ್ಟರಮ್ಮನ ಮನೆಯ ಕೆಲಸ. ಆ ಮನೆ ಕಟ್ಟಿಸಿದ್ದು ಡಾಕ್ಟರಮ್ಮನ ಮುತ್ತಜ್ಜ, ಮರದ ವ್ಯಾಪಾರಿ. ಪ್ರಾಯದಲ್ಲಿ ಎಲ್ಲೋ ದೂರ ಹೋದಾಗ ಹಳೆಯ ಗೋಥಿಕ್ ಚರ್ಚುಗಳನ್ನು ಕಂಡು ಮರುಳಾಗಿ, ತನ್ನ ಮನೆಗೂ ಅಂಥದೇ ಕಿಟಕಿಗಳು ಬೇಕೆಂದು ಹಟ ಹಿಡಿದು ಕಟ್ಟಿಸಿದ್ದನಂತೆ. ಎರಡು ಅಂಗೈ ಜೋಡಿಸಿದ ಹಾಗೆ ಮೇಲೆ ಚೂಪಾಗಿ ಸೇರುವ ಕಮಾನುಗಳು, ಮೂಲೆ ಮೂಲೆಗೆ ಸಪೂರ ಗೋಪುರಗಳು, ಸೂರಿನ ಅಂಚಿನಲ್ಲಿ ಮಳೆನೀರು ಉಗುಳಲು ಬಾಯಿ ತೆರೆದು ಕೂತ ಕಲ್ಲಿನ ಪ್ರಾಣಿಗಳು. ಅವು ನಾಯಿಗಳೋ ಸಿಂಹಗಳೋ ಎಂಬುದು ಮನೆಯವರಿಗೇ ಬಗೆಹರಿದಿರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ಡಾಕ್ಟರಮ್ಮನ ಕ್ಲಿನಿಕ್ಕು. ಬಾಯಿ ತೋರಿಸಲು ಬಂದವರು ಮೊದಲು ಆ ಪ್ರಾಣಿಗಳ ಬಾಯಿ ನೋಡಿಕೊಂಡೇ ಒಳಗೆ ಹೋಗಬೇಕು.

ಮನೆಯ ಕಲ್ಲು ಹಳದಿ ಮರಳುಗಲ್ಲು, ಮೆತ್ತನೆಯದು. ಹಿಂದೆ ಯಾರೋ ರಿಪೇರಿ ಮಾಡಿದವರು ಸಂದುಗಳಿಗೆಲ್ಲ ಸಿಮೆಂಟು ಮೆತ್ತಿದ್ದರು. ಸಿಮೆಂಟು ಗೋಡೆಯ ತೇವವನ್ನು ಹೊರಗೆ ಬಿಡುವುದಿಲ್ಲ. ತೇವ ಕಲ್ಲಿನೊಳಗೇ ಕೂತು, ಸಿಮೆಂಟು ಇದ್ದ ಹಾಗೇ ಉಳಿದು, ಅಕ್ಕಪಕ್ಕದ ಕಲ್ಲು ಈರುಳ್ಳಿಯಂತೆ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಅದನ್ನೆಲ್ಲ ಕೆತ್ತಿ ತೆಗೆದು, ಸುಣ್ಣದ ಗಾರೆ ತುಂಬಿ, ತೀರಾ ಕೆಟ್ಟ ಕಲ್ಲಿನ ಜಾಗಕ್ಕೆ ಹೊಸದು ಕೂರಿಸಬೇಕು. ಮೊದಲ ದಿನ ಮೇಸ್ತ್ರಿ ಇದನ್ನು ವಿವರಿಸಿದಾಗ ಡಾಕ್ಟರಮ್ಮ ನಕ್ಕು, ತಮ್ಮ ಕಸುಬೂ ಅದೇ, ಹುಳುಕು ತೆಗೆಯುವುದು, ತುಂಬುವುದು, ಆಗದಿದ್ದರೆ ಕೀಳುವುದು ಎಂದಿದ್ದರು. ಕೆಲಸ ಶುರುವಾದ ಮೇಲೆ ಒಳಗೆ ಅವರ ಯಂತ್ರ, ಹೊರಗೆ ಇವರ ಉಳಿ. ಬೆಂಚಿನ ಮೇಲೆ ಕಾಯುತ್ತಿದ್ದ ರೋಗಿಗಳು ಯಾವ ಸದ್ದಿಗೆ ಹೆದರಬೇಕೆಂದು ತಿಳಿಯದೆ ಎರಡಕ್ಕೂ ಹೆದರುತ್ತಿದ್ದರು.

ಮನೆಗೆ ಕಳೆ ಕೊಡುವುದು ಮೇಲಂತಸ್ತಿನ ದೊಡ್ಡ ಕಿಟಕಿ. ಅದನ್ನು ಎರಡು ಭಾಗ ಮಾಡುವ ಸಪೂರ ಕಲ್ಲುಕಂಬವೊಂದು ನಡುವೆ ನಿಂತಿದೆ. ಕಂಬದ ನೆತ್ತಿಯ ಮೇಲೆ ಕಲ್ಲಿನಲ್ಲೇ ಕೊರೆದ ಹೂವಿನ ಜಾಲರಿ ಕೂತಿದೆ; ಅದರ ಭಾರವೆಲ್ಲ ಈ ಕಂಬದ ಮೇಲೆ. ಕಂಬ ಬುಡದ ಹತ್ತಿರ ಹುಡಿಹುಡಿಯಾಗಿತ್ತು. ಜಾಲರಿಗೆ ಮರದ ಆಸರೆ ಕೊಟ್ಟು ಹಳೆಯ ಕಂಬ ಬಿಡಿಸಿದ್ದಾಯಿತು. ಹೊಸದಕ್ಕೆ ಅದೇ ಬಣ್ಣದ ಒಂದೇ ಉದ್ದನೆಯ ಕಲ್ಲು ಬೇಕು, ಆ ಬಣ್ಣದ ಪದರವೋ ಕ್ವಾರಿಯಲ್ಲಿ ಎಂದೋ ಮುಗಿದಿತ್ತು. ಕ್ವಾರಿ ಸಾಹುಕಾರ ತನ್ನ ಶೆಡ್ಡಿನ ಹಿಂದೆ ಪೊದೆ ಬೆಳೆದು ಮುಚ್ಚಿಹೋಗಿದ್ದ ಒಂದು ಹಳೆಯ ಕಲ್ಲನ್ನು ಎತ್ತಿಸಿ ಕಳಿಸಿದ. ಇದು ಹೋದರೆ ತನ್ನ ಹತ್ತಿರ ಇನ್ನೊಂದಿಲ್ಲ ಎಂದು ಹೇಳಿಯೇ ಕಳಿಸಿದ.

ಅದನ್ನು ಕೆತ್ತಲು ಕೂತವನು ಮೇಸ್ತ್ರಿಯ ಮೈದುನ, ಹೆಂಡತಿಯ ತಮ್ಮ.

ಮೇಸ್ತ್ರಿ ಕಲ್ಲಿನ ಕೆಲಸದ ಮನೆತನದವರಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದರು. ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಒಂದೊಂದಾಗಿ ಮೀಟಿ ಯಾವುದು ಸಡಿಲವೆಂದು ಹೇಳುವ ಅಭ್ಯಾಸ ಅವರಿಗಿತ್ತು. ಒಮ್ಮೆ ಸೈಕಲ್ ತಂದ ಕಲ್ಲುಮೇಸ್ತ್ರಿಯೊಬ್ಬ ಅದನ್ನು ನೋಡುತ್ತ ನಿಂತು, ಇಂಥ ಕಿವಿ ಇಟ್ಟುಕೊಂಡು ಟ್ಯೂಬಿನ ಗಾಳಿ ಕೇಳುತ್ತ ಕೂತಿದ್ದೀಯಲ್ಲ ಎಂದು ಬೈದು, ತನ್ನ ಜೊತೆ ಕರೆದುಕೊಂಡು ಹೋದ. ಕೆಲವು ವರ್ಷ ಕಳೆದ ಮೇಲೆ ಮಗಳನ್ನೂ ಕೊಟ್ಟ. ಆಗ ಭಾವನ ಸುತ್ತಿಗೆ ಹೊರಲು ಜಗಳವಾಡುತ್ತಿದ್ದ ಚಡ್ಡಿ ಹುಡುಗ ಈಗ ಕಿವಿಯ ಪಕ್ಕ ಬೆಳ್ಳಗಾದ ಗಂಡಸು. ಉಳಿ ಹಿಡಿದರೆ ಭಾವನಿಗಿಂತ ಒಂದು ಕೈ ಮೇಲು. ಇದನ್ನು ಭಾವನೇ ಕಂಡ ಕಂಡವರಿಗೆಲ್ಲ ಹೇಳುತ್ತಿದ್ದರು. ಕಲ್ಲು ಬಡಿದು ಕೇಳುವುದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟವರಲ್ಲ.

ಮೇಸ್ತ್ರಿಯ ಕಿವಿ ಒಂದೇ ದಿನ ಹೋಗಲಿಲ್ಲ. ವರ್ಷಗಟ್ಟಲೆ ಉಳಿಯ ಪೆಟ್ಟು, ಆಮೇಲೆ ಕಲ್ಲು ಕೊಯ್ಯುವ ಯಂತ್ರದ ಕಿರುಚಾಟ. ತೆಳ್ಳನೆಯ ದನಿಗಳು ಮೊದಲು ಜಾಗ ಖಾಲಿ ಮಾಡಿದವು. ಸೈಕಲ್ ಬೆಲ್ಲು ಹೋಯಿತು, ಕುಕ್ಕರಿನ ಸೀಟಿ ಹೋಯಿತು. ಹೆಂಡತಿ ವಯಸ್ಸಾದಂತೆ ಗಂಟಲು ದೊಡ್ಡದು ಮಾಡಿಕೊಂಡಿದ್ದಾಳೆ ಎಂದು ಮೇಸ್ತ್ರಿ ಅಂದುಕೊಂಡರು. ಕಲ್ಲಿನ ದನಿಯೊಳಗಿನ ತೆಳುಭಾಗವೂ ಅದೇ ದಾರಿ ಹಿಡಿದಾಗ ಅವರಿಗೆ ತೋಚಿದ್ದು ಕ್ವಾರಿಯ ಕಲ್ಲು ಕೆಟ್ಟಿದೆ ಎಂದು. ಬಡಿದದ್ದೆಲ್ಲ ಡಬ್ ಎಂದೇ ಕೇಳುತ್ತಿತ್ತು. ಒಮ್ಮೆ ಇಡೀ ಒಂದು ಲಾರಿ ಕಲ್ಲು ವಾಪಸು ಕಳಿಸಿದರು. ಕ್ವಾರಿ ಸಾಹುಕಾರ ಗೊಣಗುತ್ತ ಅದನ್ನೇ ಇನ್ನೊಬ್ಬ ಮೇಸ್ತ್ರಿಗೆ ಮಾರಿದ, ಆತ ಅದರಲ್ಲಿ ಒಂದು ಸೇತುವೆಯ ತಡೆಗೋಡೆ ಕಟ್ಟಿ ಮುಗಿಸಿದ. ಒಂದು ಮಳೆಗಾಲ ಕಳೆದ ಮೇಲೆ ಠಣ್ ಮೇಸ್ತ್ರಿ ಒಬ್ಬರೇ ಹೋಗಿ ಆ ಗೋಡೆಯನ್ನು ಉದ್ದಕ್ಕೂ ಸವರಿ ನೋಡಿಬಂದರು. ಒಂದು ಕಲ್ಲೂ ಬಾಯಿಬಿಟ್ಟಿರಲಿಲ್ಲ. ಕೆಟ್ಟಿರುವುದು ಯಾವುದೆಂದು ಅವತ್ತು ಅವರಿಗೆ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ದಾರಿ ಸಿಕ್ಕಿದ್ದು ಮೈದುನನ ಮುಖದಲ್ಲಿ. ಅವನದು ಗುಟ್ಟು ನಿಲ್ಲದ ಮುಖ. ಇಸ್ಪೀಟಿಗೆ ಅವನು ಕೂತರೆ ಎಲ್ಲರಿಗೂ ಖುಷಿ. ಒಳ್ಳೆಯ ಎಲೆ ಬಂದರೆ ಹುಬ್ಬು ಮೇಲೇರುತ್ತದೆ, ಕೆಟ್ಟದ್ದು ಬಂದರೆ ಬಾಯಿಯ ಒಂದು ಮೂಲೆ ಕೆಳಗಿಳಿಯುತ್ತದೆ. ಕಲ್ಲಿನ ವಿಷಯದಲ್ಲೂ ಹಾಗೇ. ಮೇಸ್ತ್ರಿ ಪೆಟ್ಟು ಕೊಟ್ಟು, ಕೇಳುವವರ ಹಾಗೆ ತಲೆ ಬಾಗಿಸಿ, ಎದುರು ನಿಂತ ಮೈದುನನ ಹುಬ್ಬನ್ನು ಓರೆಗಣ್ಣಿನಲ್ಲಿ ನೋಡಿ "ಠಣ್" ಎನ್ನತೊಡಗಿದರು. ಲೆಕ್ಕ ತಪ್ಪಲಿಲ್ಲ. ಕಳವು ಮಾಲೀಕನಿಗೇ ತಿಳಿಯದ ಹಾಗೆ ನಡೆಯುತ್ತಿದೆ ಎಂಬ ಸಣ್ಣ ಹೆಮ್ಮೆಯೂ ಇತ್ತು. ಹೆದರಿಕೆ ಇದ್ದದ್ದು ಒಂದೇ: ಇದು ಬಯಲಾದ ದಿನ ತನ್ನನ್ನು ಮೇಸ್ತ್ರಿ ಎಂದು ಯಾರು ಕರೆಯುತ್ತಾರೆ? ಕರೆದರೂ ಗಾರೆ ಕಲಸಲು ಕರೆದಾರು.

ಡಾಕ್ಟರಮ್ಮನ ಅಂಗಳದಲ್ಲಿ ಇನ್ನೊಂದು ತೊಡಕು ಎದುರಾಯಿತು. ಅವರು ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಬಾಯಿಗೆ ಕಟ್ಟಿದ ಮಾಸ್ಕಿನಲ್ಲೇ ಹೊರಗೆ ಬಂದು ಮಾತಾಡುತ್ತಿದ್ದರು. ಎದುರಿನವರ ತುಟಿ ನೋಡಿ ಅರ್ಧ ಮಾತು ಹಿಡಿಯುವುದನ್ನು ಮೇಸ್ತ್ರಿ ತಮಗೆ ಅರಿವಿಲ್ಲದೆಯೇ ಕಲಿತುಬಿಟ್ಟಿದ್ದರು. ಇಲ್ಲಿ ತುಟಿಯೇ ಕಾಣುವುದಿಲ್ಲ. ಒಂದು ದಿನ ಡಾಕ್ಟರಮ್ಮ ಏನೋ ಕೇಳಿದಾಗ ಮೇಸ್ತ್ರಿ ಗಂಭೀರವಾಗಿ ತಲೆಯಾಡಿಸಿ, ಗೋಡೆಗೆ ಕಟ್ಟಿದ ಸಾರುವೆ ಹತ್ತಿ ಮೇಲೆ ಹೋಗಿಬಿಟ್ಟರು. ನಿಮ್ಮ ಭಾವನಿಗೆ ನನ್ನ ಮೇಲೆ ಏನಾದರೂ ಸಿಟ್ಟಿದೆಯೇ ಎಂದು ಅವರು ಮೈದುನನನ್ನು ವಿಚಾರಿಸಿದರು. ಅಳತೆಯ ಗುಂಗಿನಲ್ಲಿದ್ದರು ಎಂದು ಅವನು ತೇಲಿಸಿದ. ಡಾಕ್ಟರಮ್ಮ ಅವನ ಮುಖವನ್ನು ಒಂದು ಕ್ಷಣ ನೋಡಿದರು. ಮಾರನೆಯ ದಿನದಿಂದ ಮೇಸ್ತ್ರಿಯ ಮುಂದೆ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡೇ ಮಾತಾಡತೊಡಗಿದರು. ಮೇಸ್ತ್ರಿ ಅದನ್ನು ತಮಗೆ ಕೊಟ್ಟ ಮರ್ಯಾದೆ ಎಂದು ತಿಳಿದರು.

ಕಂಬದ ಕೆತ್ತನೆ ಮುಗಿಯುತ್ತ ಬಂದ ಹಾಗೆ ಮೈದುನನ ದವಡೆಹಲ್ಲು ನೋಯತೊಡಗಿತು. ಕೆನ್ನೆಯೊಳಗೆ ಲವಂಗ ಒತ್ತಿಕೊಂಡು, ಒಂದು ಕೈಯಲ್ಲಿ ಗದ್ದ ಹಿಡಿದುಕೊಂಡು ಕೆಲಸ ನೋಡುತ್ತಿದ್ದ. ಡಾಕ್ಟರು ಹತ್ತು ಹೆಜ್ಜೆ ದೂರದಲ್ಲಿದ್ದರೂ ಆ ಬಾಗಿಲ ಕಡೆ ತಲೆ ಹಾಕಲಿಲ್ಲ. ಭಾವ ಸುಮ್ಮನಿರುತ್ತಾರೆಯೇ?

"ಇಷ್ಟು ಎತ್ತರದ ಸಾರುವೆ ಹತ್ತೋನು, ಆ ಕುರ್ಚಿ ಹತ್ತೋಕೆ ಹೆದರ್ತೀಯಲ್ಲೋ."

"ಸಾರುವೆ ನನ್ನ ಬಾಯೊಳಗೆ ಕೈ ಹಾಕಲ್ಲ ಭಾವ."

ಕೊನೆಗೆ ಕಂಬ ಎತ್ತುವ ದಿನವೇ ನೋವು ತಡೆಯಲಾಗದೆ ಹೋಯಿತು. ಬೆಳಿಗ್ಗೆ ಡಾಕ್ಟರಮ್ಮನೇ ಅಂಗಳಕ್ಕೆ ಬಂದು ಅವನನ್ನು ಒಳಗೆ ಕರೆದುಕೊಂಡು ಹೋದರು. ಅವನು ಹಲ್ಲು ಕೀಳಿಸಿಕೊಂಡು, ಅರ್ಧ ಮುಖ ಮರಗಟ್ಟಿಸಿಕೊಂಡು, ಹತ್ತಿ ಕಚ್ಚಿಕೊಂಡು ಹೊರಗೆ ಬಂದ. ಮನೆಗೆ ಹೋಗಿ ಮಲಗು ಎಂದರೆ ಕೇಳಲಿಲ್ಲ. ತಾನು ಕೆತ್ತಿದ ಕಂಬ ಮೇಲೇರುವುದನ್ನು ನೋಡದೆ ಹೇಗೆ ಮಲಗುವುದು?

ಮಧ್ಯಾಹ್ನ ಕಂಬ ಎತ್ತಲು ಚೈನ್ ಪುಲ್ಲಿಯವರು ಬಂದರು. ತನ್ನ ಕಲ್ಲು ಏನಾಯಿತೆಂದು ನೋಡಲು ಕ್ವಾರಿ ಸಾಹುಕಾರನೂ ಬಂದ. ಹಳದಿ ಕಂಬ ಎರಡು ಮರದ ತುಂಡುಗಳ ಮೇಲೆ ಮಲಗಿತ್ತು. ಉದ್ದಕ್ಕೂ ಕೆತ್ತಿದ ಗೀರುಗಳು ನೂಲು ಹಿಡಿದ ಹಾಗೆ ನೇರವಾಗಿದ್ದವು. ಸಾಹುಕಾರ ಅದರ ಮೈ ಸವರಿ, ಇದು ನನ್ನ ಶೆಡ್ಡಿನ ಹಿಂದೆ ಬಿದ್ದಿದ್ದೇ ಹೌದಾ ಎಂದು ಕೇಳಿದ. ಇನ್ನು ಉಳಿದದ್ದು ಒಂದು ಪರೀಕ್ಷೆ. ಕೆತ್ತುವಾಗ ಉಳಿಯ ಪೆಟ್ಟಿಗೆ ಕಲ್ಲು ಒಳಗೊಳಗೇ ಸೀಳಿರಬಹುದು. ಅಂಥ ಕಂಬದ ಮೇಲೆ ಜಾಲರಿಯ ಭಾರ ಬಿಟ್ಟರೆ ಎರಡೂ ಕೆಳಗೆ. ಆದ್ದರಿಂದ ಎತ್ತುವ ಮೊದಲು ಮೇಸ್ತ್ರಿ ಇನ್ನೊಮ್ಮೆ ಬಡಿದು ಕೇಳಬೇಕು.

ಅವರು ಎಂದಿನಂತೆ ಮೈದುನನನ್ನು ಎದುರಿಗೆ ನಿಲ್ಲಿಸಿಕೊಂಡು ಪೆಟ್ಟು ಕೊಟ್ಟರು.

ಕಂಬ ದನಿಗೊಟ್ಟಿತು. ಗೇಟಿನ ಹತ್ತಿರ ಸರಪಳಿ ಬಿಡಿಸುತ್ತಿದ್ದವರೂ ತಲೆಯೆತ್ತಿ ನೋಡಿದರು. ಮೈದುನನ ದವಡೆಗೆ ಮತ್ತೆ ಜೀವ ಬರುತ್ತಿದ್ದ ಹೊತ್ತು ಅದು. ಹಲ್ಲು ಕಿತ್ತ ಗುಳಿಯಿಂದ ನೋವು ಕಿವಿಯವರೆಗೆ ಎದ್ದು, ಅವನ ಬಾಯಿಯ ಮೂಲೆ ಕೆಳಗಿಳಿಯಿತು. ಮೇಸ್ತ್ರಿ ಅದನ್ನು ನೋಡಿದರು. ಸ್ವಲ್ಪ ಸರಿದು ಇನ್ನೊಂದು ಕಡೆ ಬಡಿದರು. ಈ ಸಲ ಮೈದುನ ಕಣ್ಣು ಮುಚ್ಚಿ ಮುಖ ಹಿಂಡಿದ.

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟರು. "ಇದು ಬೇಡ. ಒಳಗೆ ಒಡೆದಿದೆ."

ಸಾಹುಕಾರ ಒಮ್ಮೆ ಕಲ್ಲನ್ನೂ ಒಮ್ಮೆ ಮೇಸ್ತ್ರಿಯನ್ನೂ ನೋಡಿ, ತಮಾಷೆ ಮಾಡುತ್ತಿದ್ದೀರಾ ಎಂದು ಕೇಳಿದ. ಮೇಸ್ತ್ರಿ ಅವನ ಕಡೆ ತಿರುಗಿರಲಿಲ್ಲ. ಕಂಬವನ್ನು ಪಕ್ಕಕ್ಕೆ ಸರಿಸಿ, ಪುಲ್ಲಿಯವರನ್ನು ಕಳಿಸಿ ಎಂದು ಹೇಳುತ್ತಿದ್ದರು.

ಮೈದುನನಿಗೆ ತನ್ನ ಮುಖ ಏನು ಮಾಡಿಬಿಟ್ಟಿತೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಸುಮ್ಮನಿದ್ದರೆ ಕೆತ್ತಿದ ಕಂಬ ಮೂಲೆಗೆ ಬೀಳುತ್ತದೆ, ಅಂಥ ಕಲ್ಲು ಇನ್ನೊಂದಿಲ್ಲ, ಮನೆಯ ಕಿಟಕಿ ಮರದ ಆಸರೆಯ ಮೇಲೇ ನಿಲ್ಲಬೇಕು. ಬಾಯಿಬಿಟ್ಟರೆ, ಅಂಗಳ ತುಂಬ ಜನರ ಮುಂದೆ ಭಾವನ ಕಿವಿ ಬಯಲಿಗೆ ಬೀಳುತ್ತದೆ. ಮೊದಲು ಕೈಯಾಡಿಸಿ ನೋಡಿದ. ಭಾವ ಅದನ್ನೂ ಬೇಡ ಎಂದೇ ಓದಿಕೊಂಡರು. ಕೊನೆಗೆ ಬಾಯಿಂದ ಹತ್ತಿ ತೆಗೆದ.

"ಭಾವ, ಕಲ್ಲಿಗೆ ಏನೂ ಆಗಿಲ್ಲ. ನೋವು ನನ್ನದು."

ಸೊಟ್ಟಗಾದ ಅವನ ತುಟಿಯ ಮೇಲೆ ಮಾತು ಸೊಟ್ಟಗೇ ಬಂತು. ಮೇಸ್ತ್ರಿಗೆ ಹಿಡಿಯಲಾಗಲಿಲ್ಲ. ಅವನು ಮತ್ತೊಮ್ಮೆ ಹೇಳಿದ, ಆಗಲೂ ಆಗಲಿಲ್ಲ. ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ಮೆಟ್ಟಿಲಿಳಿದು ಬಂದು, ಮೇಸ್ತ್ರಿಯ ಎದುರಿಗೇ ನಿಂತು, ಮಾಸ್ಕನ್ನು ಕೆಳಗೆಳೆದರು.

"ಮೇಸ್ತ್ರಿ, ಇವರ ದವಡೆ ನೋಯ್ತಿದೆ. ಮುಖ ಹಿಂಡಿದ್ದು ಅದಕ್ಕೆ. ಕಲ್ಲು ಚೆನ್ನಾಗಿ ದನಿ ಕೊಡ್ತು. ನನಗೂ ಕೇಳಿಸ್ತು."

ಮೇಸ್ತ್ರಿ ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಪುಲ್ಲಿಯವರು ಸರಪಳಿಯ ಕಡೆ ನೋಡುತ್ತಿದ್ದರು. ಸಾಹುಕಾರನಿಗೆ ವಾಪಸು ಬಂದ ಆ ಲಾರಿ ಕಲ್ಲಿನ ನೆನಪು ಬಂದಿರಬೇಕು, ಮೇಸ್ತ್ರಿಯ ಕಿವಿಯನ್ನೇ ನೋಡುತ್ತಿದ್ದ. ಕೇಳಿಸದೇ ಇದ್ದದ್ದು ಆ ಅಂಗಳದಲ್ಲಿ ಒಬ್ಬರಿಗೆ ಮಾತ್ರ, ಅದು ಈಗ ಎಲ್ಲರಿಗೂ ಗೊತ್ತು.

ಮೇಸ್ತ್ರಿ ಸುತ್ತಿಗೆ ಎತ್ತಿಕೊಳ್ಳಲಿಲ್ಲ. ಎರಡು ಬಕೆಟ್ ನೀರು ತರಲು ಹೇಳಿದರು.

ಮಾವ ಕಲಿಸಿದ್ದ ಇನ್ನೊಂದು ದಾರಿ ಇತ್ತು. ಕಲ್ಲನ್ನು ಪೂರ್ತಿ ತೋಯಿಸಿ ಬಿಸಿಲಿಗೆ ಬಿಡಬೇಕು. ಮೈ ಒಣಗುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ಅದು ಕುಡಿದ ನೀರನ್ನು ಬೇಗ ಬಿಡುವುದಿಲ್ಲ, ಕಪ್ಪು ಗೆರೆಯಾಗಿ ಉಳಿಯುತ್ತದೆ. ಹೊತ್ತು ಹಿಡಿಯುವ ಕೆಲಸ. ಕಿವಿ ಇದ್ದ ಕಾಲದಲ್ಲಿ ಮೇಸ್ತ್ರಿಗೆ ಅಷ್ಟು ಪುರಸೊತ್ತು ಬೇಕಾಗಿರಲಿಲ್ಲ.

ನೀರು ಹಾಕಿದರು. ಕಂಬ ಜೇನಿನ ಬಣ್ಣಕ್ಕೆ ತಿರುಗಿತು. ಪುಲ್ಲಿಯವರು ಸಂಜೆಗೆ ಇನ್ನೊಂದು ಕಡೆ ಹೋಗಬೇಕೆಂದು ಗೊಣಗಿದರು. ಡಾಕ್ಟರಮ್ಮ ಒಬ್ಬ ರೋಗಿಯನ್ನು ಮುಗಿಸಿ ಮತ್ತೆ ಬಂದರು. ಬಣ್ಣ ತುದಿಗಳಿಂದ ತಿಳಿಯಾಗುತ್ತ ಬಂತು. ಮೇಸ್ತ್ರಿ ಮಂಡಿಯೂರಿ, ಕಣ್ಣನ್ನು ಕಲ್ಲಿಗೆ ತಾಗುವಷ್ಟು ಹತ್ತಿರ ತಂದು, ಒಂದು ತುದಿಯಿಂದ ಇನ್ನೊಂದು ತುದಿಗೆ ತೆವಳಿದರು. ನಡುವೆ ಒಂದು ಕಡೆ ಕಪ್ಪು ಎಳೆ ಕಂಡಿತು. ಉಗುರಿನಿಂದ ಕೆರೆದರು, ಬಟ್ಟೆಯಿಂದ ಒರೆಸಿದರು, ಕಾದರು. ಗೀರಿನ ತಳದಲ್ಲಿ ನಿಂತ ನೀರು ಅದು. ಸ್ವಲ್ಪ ಹೊತ್ತಿನಲ್ಲಿ ಆರಿಹೋಯಿತು. ಕಂಬವನ್ನು ಮಗುಚಿಸಿ ಉಳಿದ ಮೈಗೂ ನೀರು ಹಾಕಿಸಿ ಅಷ್ಟೇ ನಿಧಾನವಾಗಿ ನೋಡಿದರು. ಎಲ್ಲೂ ಗೆರೆ ಉಳಿಯಲಿಲ್ಲ.

"ಎತ್ತಿ," ಎಂದರು. ಠಣ್ ಎನ್ನಲಿಲ್ಲ.

ಮೇಲೆ ಸಾರುವೆಯಲ್ಲಿ ನಿಂತು ಕಂಬವನ್ನು ಬರಮಾಡಿಕೊಂಡವರು ಅವರೇ. ಅಲ್ಲಿ ಮಾತು ಬೇಕಿಲ್ಲ. ಅಂಗೈ ಮೇಲೆತ್ತಿದರೆ ಎತ್ತು, ಮುಷ್ಟಿ ಹಿಡಿದರೆ ನಿಲ್ಲಿಸು. ಸುಣ್ಣದ ಗಾರೆಯ ಮೆತ್ತೆಯ ಮೇಲೆ ಕಂಬ ಕೂತಿತು. ತೂಗುಗುಂಡು ಬಿಟ್ಟು ಎರಡು ಕಡೆಯಿಂದ ನೋಡಿ, ತೆಳ್ಳನೆಯ ಬೆಣೆಯೊಂದನ್ನು ಒಳಕ್ಕೆ ತಟ್ಟಿದರು. ನೆತ್ತಿಗೂ ಜಾಲರಿಗೂ ನಡುವಿನ ಸಂದಿಗೆ ಗಾರೆ ತುಂಬಿದರು. ಗಾರೆ ಗಟ್ಟಿಯಾಗುವವರೆಗೆ ಮರದ ಆಸರೆ ಹಾಗೇ ಇರಬೇಕು. ಕೆಳಗೆ ಕ್ವಾರಿ ಸಾಹುಕಾರ ಹೊರಡುವ ಮೊದಲು, ಮುಂದಿನ ಲಾರಿ ಯಾವಾಗ ಕಳಿಸಲಿ ಎಂದು ಕೇಳುತ್ತಿರುವುದು ಅವನ ತುಟಿಯಲ್ಲೇ ಮೇಲಿನಿಂದ ಕಂಡಿತು. ಕೇಳುತ್ತಿದ್ದದ್ದು ಮೈದುನನನ್ನು.

ಸಂಜೆ ಮೈದುನ ಭಾವನ ಜೊತೆಗೇ ಅಕ್ಕನ ಮನೆಗೆ ಬಂದ. ಅಕ್ಕ ಅಡುಗೆಮನೆಯಲ್ಲಿ ಅವನಿಗೆ ತಣ್ಣನೆಯ ಹಾಲು ಕೊಟ್ಟು ಕೂರಿಸಿದಳು. ನಡೆದದ್ದನ್ನು ಅವನು ಸನ್ನೆಯಲ್ಲಿ ಅರ್ಧ, ಮಾತಿನಲ್ಲಿ ಅರ್ಧ ಹೇಳಿದ. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಗಂಡನ ಎದುರಿಗೆ ಬಂದು ಕೂತಳು.

"ಏನ್ರೀ, ನಮ್ಮನೇಲಿ ದಿನಾ ಏನಡುಗೆ ಅಂತ ಪಕ್ಕದ ಮನೆಯವರಿಗೆಲ್ಲ ಗೊತ್ತು. ನಾನು ಕೂಗೋದು ಯಾರಿಗೆ ಅಂದ್ಕೊಂಡಿದ್ರಿ?"

ಮೇಸ್ತ್ರಿ ಮೈದುನನ ಕಡೆ ನೋಡಿದರು. ಅವನಿಗೆ ಯಾವಾಗಿನಿಂದ ಗೊತ್ತು ಎಂದು ಹೆಂಡತಿಯನ್ನು ಕೇಳಿದರು. ಸೇತುವೆಯ ಕಲ್ಲು ವಾಪಸು ಹೋದ ದಿನದಿಂದ ಎಂದಳು ಅವಳು. ಭಾವನ ಕಣ್ಣು ತನ್ನ ಮುಖದ ಮೇಲೆ ಬೀಳುತ್ತಿದೆ ಎಂದು ಅವನಿಗೆ ಮೊದಲ ಸಲವೇ ಗೊತ್ತಾಗಿತ್ತಂತೆ. ಆಮೇಲೆ ಭಾವನಿಗೆ ಗೊಂದಲವಾಗದಿರಲಿ ಎಂದು ಹುಬ್ಬನ್ನು ಬೇಕೆಂದೇ ಎತ್ತಿ ತೋರಿಸುತ್ತಿದ್ದ. ಒಮ್ಮೆ ತಾನು ಒಳಗೆ ಬಂದಾಗ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಅದನ್ನು ಅಭ್ಯಾಸ ಮಾಡುತ್ತಿದ್ದನೆಂದೂ ಹೇಳಿದಳು.

ಅಂಗಳದಲ್ಲಿ ಅಷ್ಟು ಜನರ ನಡುವೆ ತಗ್ಗದಿದ್ದ ಮೇಸ್ತ್ರಿಯ ತಲೆ ಈಗ ತಗ್ಗಿತು. ಕದ್ದದ್ದಲ್ಲ, ಕೊಟ್ಟದ್ದು. ಅದೂ ಇಷ್ಟು ವರ್ಷ, ಒಂದು ಮಾತೂ ಆಡದೆ. ಮೈದುನ ಹಾಲಿನ ಲೋಟವನ್ನು ಕೆನ್ನೆಗೆ ಒತ್ತಿಕೊಂಡು ಗೋಡೆಯ ಕಡೆ ನೋಡುತ್ತಿದ್ದ. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ. ಒಂದು ಪಕ್ಕ ಊದಿ, ಇನ್ನೊಂದು ಪಕ್ಕ ಸುಸ್ತಾಗಿತ್ತು.

ಊಟ ಬಡಿಸಿ ಆಗಿ, ಅರ್ಧ ಊಟವೂ ಆದ ಮೇಲೆ ಮೇಸ್ತ್ರಿ ಮಾತಾಡಿದರು.

"ನಾಳೆಯಿಂದ ನೀನು ಬಡಿ. ನಾನು ನೀರು ಹಾಕಿ ನೋಡ್ತೀನಿ. ಎರಡೂ ಒಪ್ಪಿದ್ರೆ ಆ ಕಲ್ಲು ಮೇಲಕ್ಕೆ." ಒಂದು ತುತ್ತು ನುಂಗಿ ಮುಂದುವರಿಸಿದರು: "ಆದ್ರೆ ಇನ್ಮೇಲೆ ಮುಖ ಮಾಡೋದು ಬೇಡ. ಏನಿದ್ರೂ ಬಾಯಿಬಿಟ್ಟು ಹೇಳು."

"ಬಾಯಿ ಬಿಡೋಕೇ ಆಗ್ತಿಲ್ವಲ್ಲ ಭಾವ," ಎಂದ ಮೈದುನ, ಲೋಟದ ಹಿಂದಿನಿಂದ.

ಮೇಸ್ತ್ರಿ ಹೆಂಡತಿಯ ಮುಖ ನೋಡಿದರು. ಅವಳು ಅದನ್ನೇ ದೊಡ್ಡ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಮೇಸ್ತ್ರಿ, ಸ್ವಲ್ಪ ತಡವಾಗಿ, ನಕ್ಕರು.